ನಿನಗೆ ಹೇಳದೆ ಸರಿಪಡಿಸಿದ್ದು

ಪ್ರೀತಿಯ ಅಕ್ಕನಿಗೆ,

ಎಂಟು ವರ್ಷ ಆಫೀಸಿನಲ್ಲಿ ಒಂದೇ ಮೇಜಿನ ಆಚೆ ಈಚೆ ಕೂತು ಅಕ್ಕಾ ಅಕ್ಕಾ ಎಂದವಳಿಗೆ ಇವತ್ತು ಆ ಒಂದು ಪದ ಬರೆಯುವುದೇ ಕಷ್ಟವಾಯಿತು. ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಮೂರರಲ್ಲಿ ಸುಳ್ಳಿತ್ತು, ಒಂದರಲ್ಲಿ ಬರೀ ಅಳು. ನೇರವಾಗಿ ಹೇಳಿಬಿಡುತ್ತೇನೆ. ನಿನ್ನ ಕಣ್ಣು ಮಂಕಾಗುತ್ತಿದ್ದದ್ದು ನಿನಗಿಂತ ಮೊದಲು ಕಂಡದ್ದು ನನಗೆ. ನಾನು ಹೇಳಲಿಲ್ಲ.

ನೀನು ಆ್ಯಪ್‌ಗಳ ಸ್ಕ್ರೀನ್ ಬಿಡಿಸುತ್ತಿದ್ದೆ, ಅದನ್ನು ಕೋಡ್ ಮಾಡುತ್ತಿದ್ದವಳು ನಾನು. ಮೂರು ವರ್ಷದ ಹಿಂದೆ, ಒಂದು ಕ್ಲಿನಿಕ್ಕಿನ ಕೆಲಸದಲ್ಲಿ, ಬಲಗಡೆಯ ಅಂಚಿನಲ್ಲಿ ಎರಡು ಬಟನ್ ಒಂದರ ಮೇಲೊಂದು ಹತ್ತಿ ಕೂತಿದ್ದವು. ಕೈತಪ್ಪು ಅಂದುಕೊಂಡು ಕೋಡ್‌ನಲ್ಲಿ ಸರಿಸಿಬಿಟ್ಟೆ. ಮುಗಿದ ಸ್ಕ್ರೀನ್ ನೋಡಿ ನೀನು ಬೆನ್ನು ತಟ್ಟಿದೆ. ಆಮೇಲೆ ವಾರಕ್ಕೊಂದು, ದಿನಕ್ಕೊಂದು. ಬೂದು ಬಣ್ಣದ ಮೇಲೆ ಬೂದು ಅಕ್ಷರ. ಅಂಚಿನಿಂದ ಆಚೆ ಬಿದ್ದ ಚಿತ್ರ. ಹೆಚ್ಚಾಗಿ ಬಲಗಡೆಯೇ. ಕಣ್ಣಿನದೆಂದು ತಿಳಿಯಲಿಲ್ಲ ಎಂದರೆ ಅದೂ ಅರ್ಧ ಸುಳ್ಳು. ನಮ್ಮ ಮುಖ್ಯಸ್ಥ ಒಂದು ಗೆರೆ ಸೊಟ್ಟಗಿದ್ದರೂ ಎಲ್ಲರೆದುರು ಮಾನ ಕಳೆಯುವವನು. ನಿನಗೆ ಆ ಗತಿ ಬೇಡ ಅನ್ನಿಸಿತು. ನಿನ್ನ ಹೆಸರು ನನ್ನಿಂದ ಉಳಿದಿದೆ ಎಂದು ಒಳಗೊಳಗೇ ಬೀಗುತ್ತಲೂ ಇದ್ದೆ. ಅದನ್ನೂ ಹೇಳಬೇಕು.

ಆಮೇಲೆ ಆ ಟೂಲ್ ಬಂತು. ಡಿಸೈನ್‌ನಲ್ಲಿರುವ ಪ್ರತಿ ಬಟನ್ನಿನ ಅಳತೆ, ಬಣ್ಣ, ಅಂತರ ಎಲ್ಲವನ್ನೂ ಓದಿ ಎಐ ಏಜೆಂಟ್‌ಗೆ ಕೊಡುತ್ತದೆ, ಏಜೆಂಟ್ ಕೋಡ್ ಬರೆಯುತ್ತದೆ. ನನಗಿದ್ದ ದಾಕ್ಷಿಣ್ಯ ಅದಕ್ಕೆಲ್ಲಿ? ನೀನು ಬಿಡಿಸಿದ್ದನ್ನು ಇದ್ದದ್ದು ಇದ್ದ ಹಾಗೆ ಕಟ್ಟಿಟ್ಟಿತು. ಇಡೀ ತಂಡದ ಮುಂದೆ ದೊಡ್ಡ ಪರದೆಯ ಮೇಲೆ ಮೂರು ಬಟನ್ ಗುಡ್ಡೆ ಬಿದ್ದಿದ್ದವು. ಈ ಅಕ್ಷರಗಳನ್ನು ಓದಲಾಗುವುದಿಲ್ಲ, ಹೀಗೇ ಬಿಡಲೇ ಎಂದು ಕೆಳಗೆ ಏಜೆಂಟ್‌ನ ಪ್ರಶ್ನೆ ಬೇರೆ. ನೀನು ಎದ್ದು ನಿಂತು, ಇದು ನನ್ನ ಡಿಸೈನೇ ಅಲ್ಲ ಎಂದೆ. ನನ್ನ ಕಡೆ ತಿರುಗಿದೆ. "ನೀನೇ ಹೇಳೇ. ನಾನು ಹೀಗೆ ಮಾಡ್ತೀನಾ?"

"ಅಕ್ಕ ತಪ್ಪು ಮಾಡಲ್ಲ. ಟೂಲೇ ಸರಿ ಇಲ್ಲ," ಎಂದೆ ನಾನು.

ಎಲ್ಲರೂ ನಂಬಿದರು. ಆ ಯಂತ್ರ ಮೊದಲ ದಿನವೇ ನಿಜ ಹೇಳಿತ್ತು, ಅದರ ಬಾಯಿ ಮುಚ್ಚಿಸಿದವಳು ನಾನು. ಅಲ್ಲಿಗೂ ನಿಲ್ಲಿಸಲಿಲ್ಲ. ನೀನು ಊಟಕ್ಕೆ ಎದ್ದು ಹೋದಾಗ ನಿನ್ನ ಡಿಸೈನ್ ತೆರೆದು ತಪ್ಪುಗಳನ್ನೆಲ್ಲ ಸರಿಪಡಿಸಿ, ಆಮೇಲೆ ಏಜೆಂಟ್‌ಗೆ ಕೊಡುತ್ತಿದ್ದೆ. ಹೀಗೆ ಏಳು ತಿಂಗಳು. ಟೂಲ್ ಈಗ ಪಳಗಿದೆ ಎಂದು ಮುಖ್ಯಸ್ಥ ಹೊಗಳಿದ. ನೀನು ಬಿದ್ದು ಬಿದ್ದು ನಕ್ಕೆ, ನಿನ್ನ ಜೊತೆ ನಾನೂ ನಕ್ಕೆ.

ನೀನು ಮೆಟ್ಟಿಲ ಅಂಚು ಕಾಣದೆ ಬಿದ್ದು ಮಣಿಕಟ್ಟು ಮುರಿದುಕೊಂಡ ಮೇಲೆ ತಾನೆ ನಾವು ಕಣ್ಣಿನ ಡಾಕ್ಟರ ಹತ್ತಿರ ಹೋದದ್ದು. ಗ್ಲಾಕೋಮಾ ಎಂದರು. ಕಣ್ಣಿನ ನರ ಸದ್ದಿಲ್ಲದೆ ಒಣಗುತ್ತಾ ಬಂದಿದೆ, ಎರಡು ವರ್ಷ ಮುಂಚೆ ಬಂದಿದ್ದರೆ ದಿನಕ್ಕೆರಡು ಹನಿ ಔಷಧಿಯಲ್ಲಿ ತಡೆಯಬಹುದಿತ್ತು, ಹೋದದ್ದು ಇನ್ನು ಬರುವುದಿಲ್ಲ ಎಂದರು. ಕೆಲಸದಲ್ಲಿ ತಪ್ಪು ಬರುತ್ತಿರಲಿಲ್ಲವೇ ಎಂದು ಕೇಳಿದರು. ನೀನು ನೆಟ್ಟಗೆ ಕೂತು, "ಒಂದೂ ಇಲ್ಲ ಡಾಕ್ಟ್ರೇ" ಎಂದೆ. ನಿನ್ನ ಫೈಲ್ ಎದೆಗವುಚಿಕೊಂಡು ನಾನು ಪಕ್ಕದಲ್ಲೇ ಇದ್ದೆ. ಆ ಹೊತ್ತಿಗೆ ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ಅದನ್ನೂ ನುಂಗಿಕೊಂಡು ಬದುಕುತ್ತಿದ್ದೆನೇನೋ. ಆದರೆ ಹೋದ ವಾರ ನಿನ್ನ ಮನೆಗೆ ಬಂದಾಗ, ಮಗಳ ಕಣ್ಣು ತೋರಿಸಿದೆಯಾ, ಇದು ಮಕ್ಕಳಿಗೂ ಬರಬಹುದು ಎಂದು ಡಾಕ್ಟರು ಹೇಳಿದ್ದರಲ್ಲ ಎಂದು ಕೇಳಿದೆ. ನೀನು ಗೋಡೆ ಸವರಿಕೊಂಡು ಬಂದು ಕೂತು ಹೇಳಿದೆ: "ಅವಳಿಗೇನಾಗಿದೆಯೇ? ನಂದು ದಿಢೀರಂತ ಬಂದಿದ್ದು. ಬೀಳೋ ಹಿಂದಿನ ದಿನದವರೆಗೂ ಕೆಲಸದಲ್ಲಿ ಒಂದು ತಪ್ಪು ಮಾಡಿಲ್ಲ ನಾನು. ಅದೊಂದು ಸಮಾಧಾನ ಸಾಕು ನಂಗೆ."

ದಿಢೀರಂತ ಬರಲಿಲ್ಲ ಅಕ್ಕಾ. ಮೂರು ವರ್ಷದಿಂದ ಬರುತ್ತಲೇ ಇತ್ತು. ನೀನು ಮಾಡಿದ ತಪ್ಪುಗಳು ಇನ್ನೂರಕ್ಕೂ ಮೇಲೆ, ಒಂದೊಂದೂ ನಿನ್ನ ಕಣ್ಣು ನಿನಗೆ ಹೇಳಿ ಕಳಿಸಿದ್ದು. ಒಂದನ್ನೂ ನಿನ್ನವರೆಗೆ ಬರಲು ಬಿಡಲಿಲ್ಲ ಪಾಪಿ ನಾನು. ಉಳಿದಿದ್ದ ಆ ಒಂದು ಸಮಾಧಾನವನ್ನೂ ಈಗ ಕಿತ್ತುಕೊಳ್ಳುತ್ತಿದ್ದೇನೆ. ಪುಟ್ಟಿಯ ಕಣ್ಣನ್ನು ನೀನು ಈಗಲೇ ತೋರಿಸಬೇಕಾದರೆ ಬೇರೆ ದಾರಿ ಕಾಣಲಿಲ್ಲ.

ಕ್ಷಮೆ ಕೇಳುವುದಿಲ್ಲ. ನಿನ್ನ ಆಶೀರ್ವಾದ ಬೇಡುವ ಮುಖವೂ ನನಗಿಲ್ಲ. ನಿನ್ನ ಹೊಸ್ತಿಲು ಇನ್ನು ತುಳಿಯುವುದಿಲ್ಲ. ಉಳಿದಷ್ಟು ಬೆಳಕಾದರೂ ನಿನ್ನ ಕಣ್ಣಲ್ಲಿ ಉಳಿಯಲಿ.

ಪುಟ್ಟೀ, ಅಮ್ಮನಿಗೆ ಇದನ್ನು ಓದಿ ಹೇಳುತ್ತಿರುವವಳು ನೀನೇ ಎಂದು ನನಗೆ ಗೊತ್ತು. ಒಂದು ಸಾಲೂ ಬಿಡದೆ ಓದಿದ್ದೀಯ ತಾನೆ? ಬಿಟ್ಟಿದ್ದರೆ, ಅಮ್ಮನಿಗೆ ನೋವಾಗುತ್ತದೆಂದು ಬೇಕೆಂತಲೇ ಬಿಟ್ಟೆಯೋ, ಕಾಣದೆ ಬಿಟ್ಟೆಯೋ, ಅಮ್ಮನಿಗೆ ಈಗಲೇ ಹೇಳು. ನನ್ನ ಹಾಗೆ ಮಾಡಬೇಡ.

ಇಂತಿ,
ನಿನ್ನ ತಂಗಿ ಎನ್ನಿಸಿಕೊಂಡಿದ್ದವಳು