ನಲವತ್ತೊಂದು ದಿನದ ಮಣ್ಣು

ಜಹೀರಾಬಾದ್
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಜೈಪಾಲನಿಗೆ,

ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನೀನು ಏಪ್ರಿಲ್‌ನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ನಡುವೆ ಪರೀಕ್ಷೆ ಬಂತು, ಅತ್ತೆ ಪಾರ್ವತಿಬಾಯಿಯವರ ಕಣ್ಣಿನ ಆಪರೇಶನ್ ಆಯಿತು, ಲ್ಯಾಬಿಗೆ ಸುಣ್ಣ ಬಳಿದರು. ಇವೆಲ್ಲ ನಿಜ. ತಡವಾದದ್ದು ಮಾತ್ರ ಇವುಗಳಿಂದಲ್ಲ. ಪ್ರತಿ ಭಾನುವಾರ ಬರೆಯಲು ಕೂತು, ಎರಡು ಸಾಲು ಬರೆದು, ಅಡುಗೆಮನೆಗೆ ಎದ್ದು ಹೋಗುತ್ತಿದ್ದೆ.

ತಾಂಡೂರಿನ ಶಾಲೆಯಲ್ಲಿ ಪಾಠ ಹೇಳುತ್ತ ಆರು ವರ್ಷ ಕಳೆದ ಮೇಲೆ ನಿನಗೆ ಮತ್ತೆ ಸಂಶೋಧನೆಯ ಆಸೆ ಹುಟ್ಟಿದೆ ಎಂದು ಓದಿ ಕುಣಿಯಬೇಕೆನಿಸಿತು. ಆಮೇಲೆ ನಿನ್ನ ಪ್ರಶ್ನೆ ಓದಿದೆ. "ಹೈದರಾಬಾದಿನಲ್ಲಿ ಹೊಸ ಗೈಡ್ ಸಿಕ್ಕಿದ್ದಾರೆ. ಸೆಪ್ಟೆಂಬರ್ ಕೊನೆಗೆ ಸಂದರ್ಶನ. ನನ್ನ ಹಳೆಯ ನಲವತ್ತೊಂದು ದಿನದ ಅಳತೆಗಳನ್ನು ಅವರಿಗೆ ತೋರಿಸಲೋ, ಬಿಸಾಡಲೋ?"

ಬಿಸಾಡಬೇಡ. ಅವು ಸರಿ. ಆಮೇಲಿನ ಅಳತೆಗಳೂ ಸರಿ. ನಡುವೆ ಕೆಡಿಸಿದವಳು ನಾನು.

ಈ ಕಾಗದವನ್ನು ನೀನು ಇನ್ನೊಬ್ಬರಿಗೆ ತೋರಿಸಬೇಕಾಗಬಹುದು, ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ೨೦೧೯ರಲ್ಲಿ ನಾನು ನಮ್ಮ ಕಾಲೇಜಿನ ಭೌತಶಾಸ್ತ್ರದ ಲ್ಯಾಬ್ ನೋಡಿಕೊಳ್ಳುತ್ತಿದ್ದೆ, ನೀನು ಶಿವಶಂಕರಪ್ಪ ಸರ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆ, ನನ್ನನ್ನು ಅಕ್ಕಾ ಎಂದು ಕರೆಯುತ್ತಿದ್ದೆ. ನೀನು ತಾಂಡೂರಿನ ಕಡೆಯ ಮುಲ್ತಾನಿ ಮಿಟ್ಟಿ ತಂದು, ಅರೆದು, ಸೋಸಿ, ನೀರಿನಲ್ಲಿ ಕದಡಿ ಗಾಜಿನ ಡಬ್ಬಿಗೆ ತುಂಬಿ, ಅಲುಗದಂತೆ ಕಲ್ಲಿನ ಚಪ್ಪಡಿಯ ಮೇಲೆ ಇಟ್ಟಿದ್ದೆ. ಜನ ಮುಖಕ್ಕೆ ಹಚ್ಚಿಕೊಳ್ಳುವ ಮಣ್ಣಿಗೆ ಈ ಹುಡುಗ ಪಿಎಚ್.ಡಿ. ಕೊಡಿಸಲು ಹೊರಟಿದ್ದಾನೆ ಎಂದು ನಾವೆಲ್ಲ ನಕ್ಕಿದ್ದೆವು. ನೀನೂ ನಕ್ಕು, ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಕೆಸರಿನೊಳಗೆ ಬರಿಗಣ್ಣಿಗೆ ಕಾಣದ ಒಂದು ಗಾಜಿನ ಮಣಿ ನಡುಗುತ್ತಿತ್ತು.

"ಯಾರೂ ಅಲ್ಲಾಡಿಸಾಕ ಹತ್ತಿಲ್ಲ ಅಕ್ಕಾ. ಸುತ್ತಲಿನ ಶಾಖನೇ ಅದನ್ನ ನೂಕ್ತದ," ಎಂದೆ. "ದಿನಾ ಹೋದಂಗ ಮಣ್ಣು ಬಿಗಿ ಆಗ್ತದ, ಮಣಿ ನಡುಗೂದು ಕಮ್ಮಿ ಆಗ್ತದ. ಖರೇ ಅಂದ್ರ ಅದು ಪೂರಾ ಸುಮ್ಮ ಆಗೂದೇ ಇಲ್ಲ, ಸುಮ್ಮ ಆಗಾಕ ಹತ್ತಿರ್ತದ ಅಷ್ಟೆ. ಕೊನೀ ಸಲ ಕಲಕಿದ ದಿನದಿಂದ ಅದರ ವಯಸ್ಸು ಎಣಿಸಬೇಕು. ಮತ್ತ ಕಲಕಿದ್ರ ಹೊಸಾದಾಗಿ ಹುಟ್ಟತದ."

ಇದನ್ನು ನನ್ನ ಮನಸ್ಸಿಗೆ ಹೋಲಿಸಿ ಇಲ್ಲಿ ಒಂದು ದೊಡ್ಡ ಮಾತು ಬರೆದಿದ್ದೆ. ಓದಿದರೆ ನನಗೇ ಅಸಹ್ಯವಾಯಿತು, ಹರಿದು ಹಾಕಿದೆ.

ಆ ವರ್ಷ ದಸರೆಗೆ ನೀನು ನಿಮ್ಮವ್ವನನ್ನು ಕರೆದುಕೊಂಡು ನಾಗಪುರಕ್ಕೆ, ದೀಕ್ಷಾಭೂಮಿಗೆ ಹೋದೆ. ಸೂಕ್ಷ್ಮದರ್ಶಕದ ಕ್ಯಾಮೆರಾ ಅರ್ಧ ಗಂಟೆಗೊಮ್ಮೆ ತಾನೇ ಚಿತ್ರ ತೆಗೆಯುವಂತೆ ಮಾಡಿ, ಬಾಗಿಲಲ್ಲಿ ನಿಂತು ಹೇಳಿದೆ: "ಅಕ್ಕಾ, ಆ ಕಲ್ಲಿನ ಮ್ಯಾಲಿನ ಡಬ್ಬಿ ಒಂದು ಮುಟ್ಟಬ್ಯಾಡ್ರಿ. ಉಳದದ್ದು ನಿಮ್ದೇ ರಾಜ್ಯ." ಮರುದಿನ ಆಯುಧ ಪೂಜೆ. ರಜೆಯಿದ್ದರೂ ಸರ್ ನಮ್ಮನ್ನು ಕರೆಸಿದ್ದರು. ಪ್ರತಿ ವರ್ಷದಂತೆ ತಕ್ಕಡಿ, ಮಸೂರ, ಮೀಟರುಗಳನ್ನೆಲ್ಲ ಒರೆಸಿ ಉದ್ದದ ಮೇಜಿನ ಮೇಲೆ ಸಾಲಾಗಿ ಇಟ್ಟು ವಿಭೂತಿ ಹಚ್ಚಿದೆ, ಚೆಂಡು ಹೂ ಏರಿಸಿದೆ. ಕೊನೆಗೆ ಕಣ್ಣು ನಿನ್ನ ಡಬ್ಬಿಯ ಮೇಲೆ ಬಿತ್ತು. ಎಲ್ಲದಕ್ಕೂ ಪೂಜೆಯಾಗಿ ನಮ್ಮ ಹುಡುಗನ ಕೆಲಸವೊಂದು ಹಾಗೇ ಉಳಿಯಬೇಕೇ ಎನಿಸಿತು. ಹೂವನ್ನು ಅದಿದ್ದಲ್ಲಿಗೇ ಒಯ್ಯಬಹುದಿತ್ತು. ಆಗ ನನಗೆ ಅದು ಹೊಳೆಯಲಿಲ್ಲ, ಡಬ್ಬಿಯನ್ನೇ ಎತ್ತಿದೆ.

ಕೈ ಓರೆಯಾಯಿತು. ಮೊಸರಿನಂತೆ ನಿಂತಿದ್ದ ಮಣ್ಣು ನನ್ನ ಕಣ್ಣೆದುರೇ ಮಜ್ಜಿಗೆಯಾಗಿ ಒಂದು ಬದಿಗೆ ಸರಿಯಿತು. ಗಾಬರಿಯಾಗಿ ಮಟ್ಟಕ್ಕೆ ಬರಲೆಂದು ಎರಡು ಸಲ ಅಲ್ಲಾಡಿಸಿದೆ. ಒಂದು ಹೂವಿನ ಎಸಳನ್ನು ಮೇಲಿಟ್ಟು ಕೈ ಮುಗಿದೆ, ಎಸಳು ತೆಗೆದು ಕಲ್ಲಿನ ಮೇಲೆ ಮೊದಲಿನ ಜಾಗಕ್ಕೇ ಇಟ್ಟೆ. ಆ ಹೊತ್ತಿಗೆ ಸರ್ ಹೊರಗೆ ತೆಂಗಿನಕಾಯಿ ಒಡೆಯುತ್ತಿದ್ದರು. ಯಾರೂ ನೋಡಲಿಲ್ಲ.

ನೀನು ಬಂದು ನೋಡಿದರೆ ನಲವತ್ತೊಂದು ದಿನ ಕಮ್ಮಿಯಾಗುತ್ತ ಬಂದ ನಡುಕ ಒಮ್ಮೆಲೇ ಹೊಸ ಕೆಸರಿನಷ್ಟು ಏರಿತ್ತು. ಸೆಮಿನಾರಿನಲ್ಲಿ ಹೊರಗಿನ ಪರೀಕ್ಷಕರ ಎದುರು ಸರ್ ನಿನ್ನನ್ನು ನಿಲ್ಲಿಸಿ ಕೇಳಿದರು: "ಕಲಕೀಯೇನು?" ನೀನು ಇಲ್ಲವೆಂದೆ. "ಹಂಗಾದ್ರ ಮೊದಲಿನ ನಲವತ್ತೊಂದು ದಿನದ್ದು ಮನ್ಯಾಗ ಕುಂತು ಬರದೀ." ಆಮೇಲೆ ನನ್ನ ಕಡೆ ತಿರುಗಿದರು. "ಪ್ರೇಮಲಾ, ಲ್ಯಾಬಿನ ಚಾವಿ ನಿನ್ನ ಕಡೆ ಇತ್ತು. ಯಾರರೆ ಮುಟ್ಟ್ಯಾರೇನು?"

"ಇಲ್ರಿ ಸರ್. ಯಾರೂ ಮುಟ್ಟಿಲ್ಲ."

ಅಷ್ಟೇ ಹೇಳಿದ್ದು. ನೀನು ನನ್ನನ್ನು ನೋಡಿದೆ, ನಾನು ಮೇಜು ನೋಡಿದೆ. ನನ್ನ ನೌಕರಿ ಕಾಯಂ ಆಗುವ ಕಡತ ಆ ವಾರ ಸರ್ ಮೇಜಿನ ಮೇಲಿತ್ತು. ಎರಡು ದಿನ ಬಿಟ್ಟು ಹೇಳಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ನಿನ್ನ ನೋಂದಣಿ ರದ್ದಾಯಿತು, ನೀನು ಚೀಲ ಕಟ್ಟಿದೆ. ಹೋಗುವಾಗ ನನಗೆ ನಮಸ್ಕಾರವನ್ನೂ ಮಾಡಿದೆ. ನನ್ನ ನೌಕರಿ ಕಾಯಂ ಆಯಿತು. ಆ ದಿನ ಸ್ಟಾಫ್ ರೂಮಿನಲ್ಲಿ ಪೇಡೆ ಹಂಚಿದವಳು ನಾನೇ, ಜೈಪಾಲ. ನನಗೆ ನಾಚಿಕೆಯಾಗುತ್ತದೆ.

ಹೋದ ಭಾನುವಾರ ನಾರಾಯಣಖೇಡಕ್ಕೆ ಹೋಗಿದ್ದೆ. ನಿವೃತ್ತರಾದ ಮೇಲೆ ಸರ್ ಅಲ್ಲೇ ಇದ್ದಾರೆ. ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಚಾಳೀಸಿನ ಗಾಜು ಒರೆಸಿದರು. "ನಾ ಕೇಳಿದ್ದೆ, ನೀ ಇಲ್ಲ ಅಂದಿ. ಇದರಾಗ ನನ್ನ ಗಲತಿ ಏನದ?" ಎಂದರು.

"ನಿಮ್ದು ಏನಿಲ್ರಿ. ಒಂದು ಕಾಗದಕ್ಕ ಸಹಿ ಹಾಕ್ರಿ ಅಷ್ಟೆ," ಎಂದೆ.

"ಹಳೇದು ಯಾಕ ತೆಗೀತಿ ತಾಯಿ? ಆಂವಗ ನೌಕರಿ ಸಿಕ್ಕದ, ಸುಖದಾಗ ಇದ್ದಾನ. ಹೋಗ್ಲಿ ಬಿಡು," ಎಂದು ಚಹಾ ತರಿಸಿದರು. ಸಹಿ ಹಾಕಲಿಲ್ಲ. ಚಹಾ ಕುಡಿಯದೆ ಎದ್ದು ಬಂದೆ. ನನಗೂ ಒಂದು ಸಲ ಸಿಟ್ಟು ಬರಬಾರದೇ?

ಅವರ ಸಹಿ ಇಲ್ಲದಿದ್ದರೆ ಬೇಡ, ನನ್ನದು ಇದೆ. ಇದರ ಜೊತೆ ನೀನು ಲ್ಯಾಬಿನಲ್ಲೇ ಬಿಟ್ಟುಹೋಗಿದ್ದ ಮೂಲ ನೋಟ್‌ಬುಕ್, ಚಿತ್ರಗಳ ಸಿ.ಡಿ. ಮತ್ತು ನನ್ನ ಹೇಳಿಕೆ ಇಟ್ಟಿದ್ದೇನೆ. ನಮ್ಮ ಪ್ರಿನ್ಸಿಪಾಲರಿಗೂ ಒಂದು ಪ್ರತಿ ಕೊಟ್ಟಾಯಿತು. ಅವರು ಏನು ಮಾಡುತ್ತಾರೋ ಮಾಡಲಿ. ಫೋನಿನಲ್ಲಿ ಹೇಳಿದ್ದರೆ ಅದು ಗಾಳಿಗೆ ಹೋಗುತ್ತಿತ್ತು. ನಿನಗೆ ಬೇಕಾದದ್ದು ಕಾಗದ, ಅದಕ್ಕೇ ಬರೆದೆ. ಹೊಸ ಗೈಡ್‌ಗೆ ಧೈರ್ಯವಾಗಿ ತೋರಿಸು. ಆ ಮಣ್ಣನ್ನು ನಾನು ಕಲಕಿದ್ದು ಯಾವ ದಿನ, ಯಾವ ಹೊತ್ತಿಗೆ ಎಂಬುದನ್ನು ನಿನ್ನ ಚಿತ್ರಗಳೇ ಹೇಳುತ್ತವೆ: ಬೆಳಗಿನ ಹತ್ತೂವರೆ. ಯಾಕೆ ಎಂಬುದಷ್ಟೇ ಅವುಗಳಲ್ಲಿ ಇರಲಿಲ್ಲ, ಅದು ನನ್ನ ಹೇಳಿಕೆಯಲ್ಲಿದೆ.

ನಿನ್ನ ಕೆಲಸ ಕೈಗೂಡಲಿ, ನಿನ್ನ ಹೆಸರು ಬೆಳೆಯಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಸಿಟ್ಟು ಬಂದರೆ ಬೈದು ಬರೆ. ಬರೆಯದಿದ್ದರೂ ನಾನು ಏನೂ ಅಂದುಕೊಳ್ಳುವುದಿಲ್ಲ.

ನಿನ್ನ ಅಕ್ಕ ಎನ್ನಿಸಿಕೊಳ್ಳಲು ಯೋಗ್ಯಳಲ್ಲದ,
ಪ್ರೇಮಲಾ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಮಂಗಳವಾರ ಪೆದ್ದೇಮುಲ್‌ಗೆ, ನಿಮ್ಮ ಮನೆಗೂ ಹೋಗಿದ್ದೆ. ನೀನು ಶಾಲೆಯಲ್ಲಿದ್ದೆ. ನನ್ನ ಕಾಗದ ಬರುವವರೆಗೆ ನಿನಗೆ ಹೇಳಬೇಡವೆಂದು ಅವ್ವನ ಹತ್ತಿರ ಮಾತು ತೆಗೆದುಕೊಂಡು ಬಂದಿದ್ದೇನೆ. ನಿಮ್ಮವ್ವ ಲಚ್ಚಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನಾನು ಹೇಳುತ್ತಿದ್ದಷ್ಟು ಹೊತ್ತೂ ಅವಳ ಕೈ ನಿಲ್ಲಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕೊನೆಗೆ ಮೊರ ಕೆಳಗಿಟ್ಟು ಹೇಳಿದಳು: "ಅವತ್ತು ಮನಿಗಿ ಬಂದಾಗ ನಾ ಕೇಳಿದ್ನಿರಿ, ಖರೇ ಹೇಳು ಮಗಾ, ಏನು ತಪ್ಪು ಮಾಡೀದಿ ಅಂತ. ನಾ ಮಾಡಿಲ್ಲವ್ವಾ ಅಂದ. ಆಮ್ಯಾಲ, 'ಪ್ರೇಮಲಾ ಅಕ್ಕ ಯಾರೂ ಮುಟ್ಟಿಲ್ಲ ಅಂದಾಳ. ಅಕ್ಕ ಸುಳ್ಳು ಹೇಳಾಕಿ ಅಲ್ಲ. ನಂದೇ ಎಲ್ಲೋ ತಪ್ಪ್ಯಾದ ಅವ್ವಾ' ಅಂದ. ಆವತ್ತಿಂದ ಸಾಲೀ ಹುಡುಗ್ರ ಮಾರ್ಕ್ಸ್ ಕೂಡಿಸಬೇಕಾದ್ರೂ ಮೂರು ಮೂರು ಸಲ ಕೂಡಿಸ್ತಾನ್ರಿ. ಆಂವಗ ಆಂವನ ಮ್ಯಾಲೇ ಭರೋಸಾ ಇಲ್ಲ."

ಆರು ವರ್ಷ ನೀನು ನನ್ನನ್ನು ಶಪಿಸುತ್ತಿರಬಹುದು ಎಂದುಕೊಂಡು ಹೇಗೋ ಬದುಕಿದ್ದೆ. ನನ್ನನ್ನು ನಂಬಿದ್ದೆ ಎಂದು ಗೊತ್ತಿರಲಿಲ್ಲ. ಅಕ್ಕ ಸುಳ್ಳು ಹೇಳಿದ್ದಳು, ತಮ್ಮಾ. ನಿನ್ನದು ಎಲ್ಲೂ ತಪ್ಪಿರಲಿಲ್ಲ. ಒಂದೇ ಸಲ ಕೂಡಿಸು.