ಇಪ್ಪತ್ತು ಲೀಟರಿನ ಬೋಗುಣಿ

ಸದಾಶಿವ ಪೇಠ, ಪುಣೆ
ಶನಿವಾರ, ೧೧ ಫೆಬ್ರುವರಿ ೧೯೮೪

ಸಾಸವಡದ ಪಡಸಾಲೆಯಲ್ಲಿ ನೆರೆದಿರುವ ಸಮಸ್ತ ಸಭಿಕರೇ! ಕಣ್ಣು ಮುಚ್ಚಿ ಕೂತು ಕಿವಿಯನ್ನು ಮಾತ್ರ ಇತ್ತ ಇಟ್ಟಿರುವ ಅತ್ತೆಯವರೇ! ಕನ್ನಡಕ ಒರೆಸಿಕೊಂಡು ಈ ಕಾಗದವನ್ನು ಕೈಗೆತ್ತಿಕೊಂಡಿರುವ ಬಾಳಕೃಷ್ಣ ಭಾವನವರೇ! ಅಡಿಗೆಮನೆಯ ಹೊಸ್ತಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿರುವ ಅವರ ಮನೆಯಾಕೆ ಶಾಮಲಾ ವೈನಿಯವರೇ! ಎಲ್ಲರಿಗೂ ನಿಮ್ಮ ಮನೆಯ ಅಳಿಯ ಮಾರ್ತಾಂಡನ ಸಾಷ್ಟಾಂಗ ನಮಸ್ಕಾರ.

ಮತ್ತು ಈ ಸಭೆಯಲ್ಲಿ ಎಲ್ಲೋ ಗೋಡೆಗೆ ಒರಗಿ, ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿರುವ ಚಿ. ಸೌ. ಇಂದೂಗೆ ಗಂಡನ ಅನೇಕ ಆಶೀರ್ವಾದಗಳು.

ಇಂದೂ, ನಿನಗೊಬ್ಬಳಿಗೇ ಎಂದು, ಮೇಲೆ ‘ಖಾಸಗಿ’ ಎಂದು ಬರೆದು ಕಳಿಸಿದ ಆರು ಕಾಗದಗಳಿಗೆ ಉತ್ತರ ಬರಲಿಲ್ಲ. ಏಳನೆಯದನ್ನು ಸಭೆಗೇ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಪದ್ಧತಿ ನನಗೆ ಗೊತ್ತಲ್ಲ! ಅತ್ತೆಯವರ ಕಣ್ಣಿಗೆ ಅಕ್ಷರ ನಿಲ್ಲುವುದಿಲ್ಲವೆಂದು ಸಂಜೆ ಚಹಾ ಆದಮೇಲೆ ಭಾವನವರು ಅಂದಿನ ಟಪಾಲನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ನಮ್ಮ ಲಗ್ನವಾದ ಹೊಸದರಲ್ಲಿ ನಾನು ನಿನಗೆ ಬರೆದ ಒಂದು ಕಾಗದವನ್ನೂ ಹಾಗೆಯೇ ಓದಿಬಿಟ್ಟದ್ದಕ್ಕೆ ನೀನು ಮೂರು ದಿನ ಯಾರಿಗೂ ಮುಖ ತೋರಿಸಲಿಲ್ಲ ಎಂದು ವೈನಿಯವರೇ ನಗುತ್ತ ಹೇಳಿದ್ದರು. ಇಂದು ಮುಖ ಮುಚ್ಚಿಕೊಳ್ಳುವ ಪಾಳಿ ನನ್ನದು. ಭಾವನವರೇ, ಒಂದು ಅಕ್ಷರ ಬಿಡದೆ ಓದಿ.

ಹೇಳಬೇಕಾದ ಸಂಗತಿ ಇದು: ನಾವು ಎಷ್ಟು ದೊಡ್ಡ ಮಿಕ್ಸರ್ ಕೊಳ್ಳಬೇಕಾಗಿತ್ತು ಎಂಬುದು ನನಗೆ ಈಗ ತಿಳಿಯಿತು. ಚಟ್ನಿ ರುಬ್ಬುವ ಮಿಕ್ಸರ್ ಅಲ್ಲ ಅತ್ತೆಯವರೇ, ಕೇಕಿನದು. ಕಾಲೂರಿ ನಿಂತು, ತಲೆ ಬಾಗಿಸಿ, ಬೋಗುಣಿಯೊಳಗೆ ಕಬ್ಬಿಣದ ಕೈ ಇಳಿಸಿ ಹಿಟ್ಟು ಕಲೆಸುವಂಥದ್ದು. ಆ ಕೈಗೆ ಬೀಟರ್ ಅನ್ನುತ್ತಾರೆ.

ನೆನಪಿದೆಯೇ ಇಂದೂ? ನೀನು ಪರಾತದಲ್ಲಿ ಬೆಣ್ಣೆ ಸಕ್ಕರೆ ಹಾಕಿಕೊಂಡು ಅಂಗೈಯಿಂದ ತಿಕ್ಕುತ್ತಿದ್ದಿ. ಬೆಣ್ಣೆ ಬೆಳ್ಳಗಾಗಿ, ಹಗುರಾಗಿ, ಬೆರಳಿಗೆ ಹತ್ತದಂತಾಗುವ ತನಕ ಅರ್ಧ ತಾಸು. ಆಮೇಲೆ ಮಣಿಕಟ್ಟಿಗೆ ಬಟ್ಟೆ ಬಿಗಿದುಕೊಳ್ಳುತ್ತಿದ್ದಿ. ಅಂಗಳದ ಸುತ್ತ ಬಿಡಾರಗಳಿರುವ ನಮ್ಮ ವಾಡಾದ ಹುಡುಗರ ಹುಟ್ಟುಹಬ್ಬಕ್ಕೆಲ್ಲ ನಿನ್ನ ಕೇಕೇ ಬೇಕು. ತತ್ತಿ ಇಲ್ಲದೆ, ಡಬ್ಬಿಯ ಗಟ್ಟಿ ಹಾಲು ಹಾಕಿ ನೀನು ಮಾಡುತ್ತಿದ್ದ ಕೇಕನ್ನು ಮಡಿಯ ಮುದುಕಿಯರೂ ಬಾಯಿಗೆ ಹಾಕಿಕೊಂಡು, ಆಮೇಲೆ ಇದರಲ್ಲಿ ಏನೇನದ ಎಂದು ಕೇಳುತ್ತಿದ್ದರು. ಮಾತು ಹೊರಟಿತು. ಲಕ್ಷ್ಮೀ ರೋಡಿನಾಚೆಯಿಂದಲೂ ಕೇಳಿಕೊಂಡು ಬರತೊಡಗಿದರು. ನಿನ್ನ ಮಣಿಕಟ್ಟು ಊದಿಕೊಂಡಿತು. ಮಿಕ್ಸರ್ ತರೋಣವೆಂದು ನಾನೇ ಅಂದೆ. ಅಲ್ಲಿಯವರೆಗೆ ನಾನು ಒಳ್ಳೆಯ ಗಂಡನೇ.

ಕ್ಯಾಂಪಿನ ಹಳೇ ಸಾಮಾನಿನ ಅಂಗಡಿಗೆ ಹೋದೆವು. ಎರಡು ಯಂತ್ರಗಳಿದ್ದವು. ಒಂದು, ಊರಿಗೆ ಹೊರಟ ಯಾವುದೋ ದೊರೆಸಾನಿ ಮಾರಿದ್ದು. ಮೊಸರಿನ ಗಡಿಗೆಯಷ್ಟು ಬೋಗುಣಿ, ನಾಲ್ಕು ಲೀಟರಿನದು. ಇನ್ನೊಂದು, ಮುಚ್ಚಿದ ಒಂದು ಮೆಸ್ಸಿನದು. ನನ್ನ ಎದೆಯ ಎತ್ತರ! ಇಪ್ಪತ್ತು ಲೀಟರಿನ ಬೋಗುಣಿ! ಬೀಟರ್ ಅಂದರೆ ಮಾರುತಿಯ ಗದೆ!

ನೀನು ಸಣ್ಣದರ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೋಗುಣಿಯ ತಳದಲ್ಲಿ ಬೆರಳಿಟ್ಟು ನೋಡಿದಿ. ರೀ, ನಮ್ಮ ಓವನ್ನಿನಾಗ ಒಮ್ಮೆಗೆ ಒಂದ ಕೇಕ್ ಹಿಡೀತದ, ಓವನ್ ಎಷ್ಟೋ ಹಿಟ್ಟೂ ಅಷ್ಟ, ಹಿಟ್ಟು ಎಷ್ಟೋ ಬೋಗುಣಿನೂ ಅಷ್ಟ ಇರ್ಲಿ ಅಂದಿ. ಹೆಚ್ಚು ಕಲೆಸಿಟ್ಟರ ಪಾಳಿ ಬರೂದ್ರಾಗ ಹಿಟ್ಟಿನ ಉಬ್ಬು ಇಳೀತದ ಅಂದಿ. ಇಷ್ಟು ವಿವರವಾಗಿ ನೀನು ನನಗೆ ಎಂದೂ ಏನನ್ನೂ ಹೇಳಿದವಳಲ್ಲ. ಅಂಗಡಿಯವನಿಗೆ ಮರಾಠಿಯಲ್ಲಿ ಅದೇ ಮಾತು ತಿಳಿಸಿದಿ. ಅವನೂ ಬಾಯಿಸಾಹೇಬರು ಹೇಳೂದು ಖರೇ ಅಂದ.

ನಾನೇನು ಮಾಡಿದೆ? ನಾನು ನಾಟಕ ಕಂಪನಿಯ ಕೂಸು. ನಮ್ಮಪ್ಪ ಕಂಪನಿಯಲ್ಲಿ ಕಿರೀಟ, ಗದೆ, ಸಿಂಹಾಸನ ಮಾಡುವವ. ಕಡೇ ಸಾಲಿನಾಗ ಕೂತಾವಗ ಕಾಣಲಿಲ್ಲಂದ್ರ ಅದು ಗದೆನ ಅಲ್ಲೋ ಮಗನ ಅನ್ನುತ್ತಿದ್ದ. ರಟ್ಟಿನ ಗದೆಯನ್ನು ಭೀಮನ ತಲೆಗಿಂತ ಎರಡು ಪಟ್ಟು ಮಾಡುತ್ತಿದ್ದ. ನಾನು ಎಂಟನೇ ವರ್ಷಕ್ಕೆ ಬಣ್ಣ ಹಚ್ಚಿದೆ. ಇಪ್ಪತ್ತೆಂಟಕ್ಕೆ ಕಂಪನಿ ಮುಳುಗಿ, ಪಿಂಪ್ರಿಯ ಕಾರ್ಖಾನೆಯ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಲು ಕೂತೆ. ಆದರೆ ಯಾವ ಸಾಮಾನನ್ನು ಕಂಡರೂ ನನ್ನ ಕಣ್ಣು ಹೋಗಿ ನಿಲ್ಲುವುದು ಕಡೇ ಸಾಲಿನಲ್ಲಿಯೇ. ಅಲ್ಲಿಂದ ಕಾಣುತ್ತದೋ ಇಲ್ಲವೋ? ಸಣ್ಣ ಮಿಕ್ಸರ್ ಕಾಣುತ್ತಿರಲಿಲ್ಲ. ನೀನು ಇನ್ನೂ ಅದರ ಮುಂದೆ ಕೂತಿದ್ದಾಗಲೇ ನಾನು ದೊಡ್ಡದಕ್ಕೆ ಕೈಗಾಡಿ ಕರೆದುಬಿಟ್ಟೆ.

ವಾಡಾದ ಬಾಗಿಲಲ್ಲಿ ಗಾಡಿ ನಿಂತಾಗ ಕೆಳಗಿನ ಮನೆಯ ಅಂಬಾಬಾಯಿಯವರು ಸೊಂಟದ ಮೇಲೆ ಕೈಯಿಟ್ಟು ನಿಂತು, ಮಾರ್ತಾಂಡರಾವ್, ಇದ್ರಾಗ ಕೇಕ್ ಕಲಸ್ತೀರೋ ಸಿಮೆಂಟೋ ಎಂದು ಕೇಳಿದ್ದರು. ಅಂಗಳವೆಲ್ಲ ನಕ್ಕಿತು. ನಾನು, ನೋಡ್ತಿರ್ರಿ ವೈನಿ, ಇಡೀ ಪೇಠಕ್ಕೆ ಕೇಕ್ ತಿನಸ್ತೀನಿ ಎಂದು ಮೆಟ್ಟಿಲ ಮೇಲಿಂದ ಗುಡುಗಿದೆ. ಅಂಬಾಬಾಯಿಯವರು ನಿನ್ನ ಕಡೆ ನೋಡಿದರು. ಇಂದೂ, ತೊಟ್ಟಿಲಕಿಂತ ದೊಡ್ಡ ಹಾಸಿಗಿ ತಂದಾನಲ್ಲ ನಿನ್ನ ಗಂಡ ಅಂದರು. ನೀನು ನಗಲಿಲ್ಲ.

ಒಂದು ತಿಂಗಳು ನೀನು ಆ ಯಂತ್ರದ ಜೊತೆ ಹೆಣಗಿದಿ. ಕಟ್ಟಿಗೆಯ ಮಾಳಿಗೆ ನಡುಗುತ್ತಿತ್ತು. ಒಂದು ಕೇಕಿನ ಹಿಟ್ಟು ಬೋಗುಣಿಯ ತಳದಲ್ಲಿ ಹೋಗಿ ಕೂತರೆ ಬೀಟರ್ ಅದನ್ನು ಮುಟ್ಟುತ್ತಲೇ ಇರಲಿಲ್ಲ. ನೀನು ಬಟನ್ ಬಂದ ಮಾಡಿ, ಮೊಣಕೈವರೆಗೆ ಕೈ ಇಳಿಸಿ, ಹಿಟ್ಟನ್ನು ಗೋರಿ ಮೇಲಕ್ಕೆ ತಂದು, ಮತ್ತೆ ಬಟನ್ ಹಾಕುತ್ತಿದ್ದಿ. ಒಂದು ಕೇಕಿಗೆ ಹದಿನೈದು ಸಲ. ನಾನು ಕಾರ್ಖಾನೆಯಿಂದ ಬಂದು ಹ್ಯಾಂಗದ ನಮ್ಮ ಐರಾವತ ಎಂದು ಕೇಳಿದರೆ, ಛಲೋ ಅದ ಅನ್ನುತ್ತಿದ್ದಿ. ಅಷ್ಟೇ. ನೀನು ಎರಡನೇ ಮಾತು ಆಡುವವಳಲ್ಲವೆಂದು ನನಗೆ ಗೊತ್ತಿತ್ತು. ಅದನ್ನು ನಾನು ಒಪ್ಪಿಗೆ ಎಂದು ಹಿಡಿಯುತ್ತ ಬಂದೆ, ಲಗ್ನವಾದ ಹನ್ನೊಂದು ವರ್ಷವೂ.

ಜೂನ್ ತಿಂಗಳ ಆ ರವಿವಾರ ನಾನು ವಾಡಾದವರನ್ನೆಲ್ಲ ಯಂತ್ರ ನೋಡಲು ಕರೆದೆ. ಬ್ಯಾಡ್ರಿ ಅಂದಿದ್ದಿ. ಹೊರಗಿನ ಖೋಲಿ ತುಂಬಿತು. ನಡುವೆ ಕರೆಂಟು ಹೋಯಿತು. ಮಂದಿ ಎದ್ದು ಹೋಗಬಾರದೆಂದು ನಾನು ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಮಾತಾಡುತ್ತಲೇ ಇದ್ದೆ. ಕರೆಂಟು ಬಂತು, ಯಂತ್ರ ತಿರುಗಿತು. ಮುಂದಿನದು ನಿಮಗೆಲ್ಲ ಗೊತ್ತೇ ಇದೆ. ನಿನ್ನ ಬಲಗೈಯ ನಡುಬೆರಳು ಅರ್ಧ ಹೋಯಿತು. ಉಂಗುರದ ಬೆರಳು ಉಳಿದರೂ ಬಾಗುವುದಿಲ್ಲ.

ಅತ್ತೆಯವರೇ, ಅಂದು ಆಸ್ಪತ್ರೆಗೆ ಬಂದು ನೀವು ಮಗಳಿಗೆ ಅಂದ ಮಾತು ನನಗೆ ನೆನಪಿದೆ. ಕರೆಂಟ್ ಹೋದ ಮ್ಯಾಲ ಬಟನ್ ಬಂದ ಮಾಡಬೇಕನ್ನೂದು ಸಣ್ಣ ಹುಡುಗರಿಗೂ ಗೊತ್ತಿರತದ, ಇಷ್ಟು ಬೇಖಬರ ಇದ್ದರ ಹ್ಯಾಂಗ ಎಂದು ಅಳುತ್ತಲೇ ಬೈದಿರಿ. ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಭಾವನವರು ನಾಲ್ಕು ದಿನ ಇದ್ದು ಬರಲಿ ಎಂದು ಕರೆದುಕೊಂಡು ಹೋದರು. ಆ ನಾಲ್ಕು ದಿನ ಎಂಟು ತಿಂಗಳಾದವು.

ಹೋದ ತಿಂಗಳು ನಾನೇ ಒಂದು ಕೇಕು ಮಾಡೋಣವೆಂದು ಕೂತೆ ಇಂದೂ. ನಿನ್ನ ಅಳತೆಯ ಬಟ್ಟಲಿನಿಂದಲೇ ಮೈದಾ ಅಳೆದೆ. ಆ ದೊಡ್ಡ ಬೋಗುಣಿಗೆ ಸುರಿದು ಯಂತ್ರ ಶುರು ಮಾಡಿ ಬಗ್ಗಿ ನೋಡಿದರೆ, ಬೀಟರ್ ಗಿರಿಗಿರಿ ತಿರುಗುತ್ತಿದೆ, ಹಿಟ್ಟು ಎರಡು ಬೆರಳು ಕೆಳಗೆ ಅಲ್ಲಾಡದೆ ಕೂತಿದೆ. ಬರೀ ಗಾಳಿ ಕಡೆಯುತ್ತಿತ್ತು. ಬಟನ್ ಬಂದ ಮಾಡಿ, ನೀನು ಮಾಡುತ್ತಿದ್ದ ಹಾಗೆ ಕೈ ಇಳಿಸಿದೆ. ತಣ್ಣಗಿತ್ತು ಬೋಗುಣಿ. ತಳ ಸಿಗಲಿಕ್ಕೆ ನಾನು, ಇಷ್ಟು ಎತ್ತರದ ಗಂಡಸು, ಭುಜ ಬಗ್ಗಿಸಬೇಕಾಯಿತು. ನಿನ್ನದು ನನ್ನ ಅರ್ಧ ತೋಳು. ನಾನು ಕೈ ಹೊರಗೆ ತೆಗೆಯಲಿಲ್ಲ. ಹಾಗೆಯೇ ಬಹಳ ಹೊತ್ತು ನಿಂತೆ. ಕೆಳಗಿನಿಂದ ಅಂಬಾಬಾಯಿಯವರು, ಏನ್ರಿ, ಯಂತ್ರ ಮುಗೀತು, ಈಗ ನೀವು ಶುರುನೋ ಎಂದು ಕೂಗಿದರು. ಆಗ ನನಗೆ ತಿಳಿಯಿತು, ಬಾಯಿಬಿಟ್ಟು ಅಳುತ್ತಿದ್ದೆನೆಂದು.

ಮರುದಿನವೇ ಹಡಪಸರದ ಒಬ್ಬ ಅಡಿಗೆಯವನಿಗೆ ಐರಾವತವನ್ನು ಒಪ್ಪಿಸಿಬಿಟ್ಟೆ. ಆಮೇಲೆ ಮೂರು ರವಿವಾರ ಸಣ್ಣದನ್ನು ಹುಡುಕಿದೆ. ಈ ಸಲ ಕಣ್ಣನ್ನು ಕಡೇ ಸಾಲಿಗೆ ಕಳಿಸಲಿಲ್ಲ. ಮೊದಲು ನಮ್ಮ ಓವನ್ನಿನ ಬಾಯಿ ಅಳೆದೆ. ಕಟ್ಟೆಯಿಂದ ಮೇಲೆ ಡಬ್ಬಿಗಳನ್ನಿಡುವ ಫಳಿಗೆ ಎಷ್ಟು ಎತ್ತರ ಎಂದು ಅಳೆದೆ, ಯಾಕೆಂದರೆ ಈ ಯಂತ್ರದ ತಲೆ ಹಿಂದಕ್ಕೆ ಏಳುತ್ತದೆ, ಅದಕ್ಕೆ ಜಾಗ ಬೇಕು. ಅಂಗಡಿಗೆ ಒಂದು ಕೇಕಿನ ಮೈದಾ ಪುಡಿಕೆ ಕಟ್ಟಿಕೊಂಡು ಹೋದೆ! ಅಂಗಡಿಯವರು ನಕ್ಕರು. ನಗಲಿ ಎಂದು ಬೋಗುಣಿಗೆ ಸುರಿದು, ನೀರು ಹಾಕಿಸಿ, ತಿರುಗಿಸಿ ನೋಡಿದೆ. ನಾಲ್ಕು ಲೀಟರಿನ ಬೋಗುಣಿ. ಬೀಟರ್ ತಳದವರೆಗೆ ಇಳಿದು ಗೋಡೆಗೆ ಹತ್ತಿದ ಹಿಟ್ಟನ್ನೂ ಸವರಿಕೊಂಡು ಬಂತು. ಯಾರೂ ಕೈ ಹಾಕುವ ಕಾರಣವೇ ಇಲ್ಲ. ಬಟನ್ ಯಂತ್ರದ ಮೈಮೇಲೆಯೇ ಇದೆ, ಎಡಬದಿಗೆ. ತಲೆ ಎತ್ತುವ ಹಿಡಿಕೆಯೂ ಎಡಕ್ಕೇ. ಎಡಗೈ ಒಂದರಿಂದಲೇ ಎಲ್ಲವನ್ನೂ ಮಾಡಿ ನೋಡಿದ್ದೇನೆ, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು.

ಈಗ ಅದು ನಮ್ಮ ಕಟ್ಟೆಯ ಮೇಲೆ ಕೂತಿದೆ. ಹೊಸ್ತಿಲಿಂದಲೂ ನೆಟ್ಟಗೆ ಕಾಣುವುದಿಲ್ಲ, ಅಷ್ಟು ಸಣ್ಣದು. ಬಾ ಇಂದೂ. ಯಾರಿಗೂ ಕೇಕು ಮಾಡಬೇಡ, ಆರ್ಡರು ಹಿಡಿಯಬೇಡ, ಬೇಕಾದರೆ ಅದನ್ನು ಮುಟ್ಟಲೂಬೇಡ. ಬಂದು ಇರು.

ಎಲ್ಲರಿಗೂ ಮತ್ತೊಮ್ಮೆ ನಮಸ್ಕಾರ.

ನಿನ್ನ,
ಮಾರ್ತಾಂಡ

ತಾ. ಕ.: ಭಾವನವರೇ, ಕಾಗದ ಮಡಚಬೇಡಿ. ಇದನ್ನೂ ಅಷ್ಟೇ ಗಟ್ಟಿಯಾಗಿ ಓದಿ.

ಕರೆಂಟು ಬಂತು, ಯಂತ್ರ ತಿರುಗಿತು ಎಂದು ಮೇಲೆ ಬರೆದೆ. ಎಂಟು ತಿಂಗಳು ಎಲ್ಲರಿಗೂ ಹೇಳಿಕೊಂಡು ಬಂದದ್ದೂ ಅದನ್ನೇ. ಅದು ಸುಳ್ಳು. ಕರೆಂಟು ಹೋದ ಕೂಡಲೇ ಇಂದೂ ಬಟನ್ ಬಂದ ಮಾಡಿದ್ದಳು. ಯಾವಾಗಲೂ ಮಾಡುತ್ತಿದ್ದಳು. ಬಂದ ಮಾಡಿಯೇ ಕೈ ಇಳಿಸಿ ಹಿಟ್ಟು ಗೋರುತ್ತಿದ್ದಳು. ಬಟನ್ ಬಾಗಿಲಿನ ಪಕ್ಕದ ಗೋಡೆಯ ಮೇಲಿತ್ತು. ನಾನು ಹೊಸ್ತಿಲಲ್ಲಿ ನಿಂತಿದ್ದೆ, ಮುಖ ಮಂದಿಯ ಕಡೆ, ಬೆನ್ನು ಅವಳ ಕಡೆ. ಕರೆಂಟು ಬಂದು ಹೊರಗಿನ ಖೋಲಿಯ ಫ್ಯಾನು ತಿರುಗಿತು. ಚಪ್ಪಾಳೆ ಬಿದ್ದವು. ನನ್ನ ದನಿ ಏರಿತ್ತು. ಎಡಗೈಯನ್ನು ಹಿಂದೆ ಚಾಚಿ ಬಟನ್ ಮೇಲೆ ಇಟ್ಟೆ.

ತಡೀರಿ ಎಂದು ಇಂದೂ ಅಂದಳು. ಸಣ್ಣ ದನಿಯಲ್ಲಿ ಅಂದಳು, ಆದರೆ ನನಗೆ ಕೇಳಿಸಿತು. ಪರದೆಯ ಹಿಂದಿನಿಂದ ಪಿಸುಗುಟ್ಟಿದ ಮಾತನ್ನು ಹಿಡಿಯುವುದೇ ನನ್ನ ಕಿವಿ ಎಂಟನೇ ವರ್ಷದಿಂದ ಕಲಿತ ವಿದ್ಯೆ. ನನ್ನ ಮಾತು ಮುಗಿಯಲು ಎರಡೇ ಶಬ್ದ ಉಳಿದಿದ್ದವು. ಅವನ್ನು ಬಿಡಲು ನನ್ನಿಂದಾಗಲಿಲ್ಲ. ಒತ್ತಿದೆ.

ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ನೀವೇ ಹೇಳ್ರಿ ಎಂಬಂತೆ ನೋಡಿದಳು. ನಾನು ಕರೆಂಟಿನ ಕಥೆ ಹೇಳಿದೆ. ವಾಡಾದವರಿಗೆ ಹೇಳಿದಾಗ ಕಥೆ ಇನ್ನೂ ಚೆನ್ನಾಗಿ ಬಂತು. ಕೇಳಿದವರು ಕಣ್ಣೊರೆಸಿಕೊಂಡು, ಪಾಪ ಮಾರ್ತಾಂಡರಾವ್, ಹೆಂಡತಿ ಹೀಂಗ ಬೇಖಬರ ಆದರ ಗಂಡ ಏನು ಮಾಡ್ಯಾನು ಅಂದರು. ಅದನ್ನೂ ನಾನು ಕೈಮುಗಿದು ತೆಗೆದುಕೊಂಡೆ. ಅವಳು ಒಳಗೆ ಮಲಗಿದ್ದಳು, ಗೋಡೆ ತೆಳ್ಳಗಿನದು.

ಅತ್ತೆಯವರೇ, ಆಸ್ಪತ್ರೆಯಲ್ಲಿ ನೀವು ಅವಳಿಗೆ ಅಂದ ಮಾತು ನನ್ನದು. ನನಗೆ ಕೊಡಿ.

ಇಂದೂ, ಬಾ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಲ್ಲ. ಆದರೆ ಅದನ್ನು ಬರೆಯುವಾಗ ಇದನ್ನಿನ್ನೂ ಬರೆದಿರಲಿಲ್ಲ. ಬರದಿದ್ದರೆ ಯಾಕೆ ಎಂದು ಕೇಳುವ ಎಂಟನೆಯ ಕಾಗದ ಬರುವುದಿಲ್ಲ.

ನಾಳೆ ರವಿವಾರ, ಎಲ್ಲರೂ ಮನೆಯಲ್ಲಿರುತ್ತಾರೆ. ಬೆಳಿಗ್ಗೆ ಎದ್ದು ಮೊದಲು ಈ ಲಕೋಟೆಯನ್ನು ಟಪಾಲು ಪೆಟ್ಟಿಗೆಗೆ ಹಾಕುತ್ತೇನೆ. ಆಮೇಲೆ ವಾಡಾದ ಒಂಬತ್ತೂ ಬಿಡಾರಗಳಿಗೆ ಹೋಗುತ್ತೇನೆ. ಎಲ್ಲರನ್ನೂ ಅಂಗಳಕ್ಕೆ ಕರೆಯುವುದಿಲ್ಲ. ನಾಲ್ಕು ಮಂದಿ ಸೇರಿದರೆ ನನ್ನ ದನಿ ಏರುತ್ತದೆ, ದನಿ ಏರಿದರೆ ಮಾತು ಬೇರೆಯಾಗುತ್ತದೆ. ಒಂದೊಂದೇ ಬಾಗಿಲು ಬಡಿದು, ಬಾಗಿಲು ತೆಗೆದವರೊಬ್ಬರಿಗೇ, ಅಂದು ಬಟನ್ ಒತ್ತಿದವ ನಾನು, ಇಂದೂ ತಡೀರಿ ಅಂದಿದ್ದಳು, ನನಗೆ ಕೇಳಿಸಿತ್ತು ಎಂದು ಹೇಳಿ ಮುಂದಿನ ಮನೆಗೆ ನಡೆಯುತ್ತೇನೆ. ಮೊದಲು ಅಂಬಾಬಾಯಿಯವರ ಬಾಗಿಲು.