ಮರತಾಕಿ ತುಂಬಿದ ಉಡಿ

೧೪ ನವೆಂಬರ್ ೨೦೨೪, ಗುರುವಾರ. ಮುಂಜಾನೆ ಐದೂವರಿ

ಪಟಾನ್‌ಚೆರು ಬಸ್ಸಿಗೆ ಇನ್ನೂ ಹತ್ತು ನಿಮಿಷ. ಡಬ್ಬಿ ಕಟ್ಟಿದೆ. ಇವತ್ತೂ ಅದೇ ಗುಳಿಗಿ ಪ್ಯಾಕಿಂಗ್, ತಲಿಗೆ ಟೋಪಿ ಹಾಕ್ಕೊಂಡು ಎಂಟು ತಾಸು ನಿಂತಿರೋದು.

ನಿನ್ನೆ ಅಣ್ಣನ ಫೋನ್. ಶನಿವಾರ-ಐತವಾರ ಅನಂತಗಿರಿ ಗುಡ್ಡದಾಗ ಎಲ್ಲಾರೂ ಕೂಡೋದಂತ. ಸೇಡಂನಿಂದ ಅವರು, ಇಲ್ಲಿಂದ ನಾನು. ಕೆರಿ ದಂಡಿಗೇ ರೂಮ್. "ನೀ ಬರಬೇಕು ನೋಡು ಸುಮಿ. ಅವ್ವ ಹಟ ಹಿಡದಾಳ."

ನಮ್ಮ ಮನಿಯವರು ತೀರಿಕೊಂಡು ಮೂರು ವರ್ಷ. ಅವತ್ತಿಂದ ಯಾವ ಕಾರ್ಯಕ್ಕೂ ಹೋಗಿಲ್ಲ. ಹೋದ್ರ ಮೂಲ್ಯಾಗ ಕುಂಡ್ರಸ್ತಾರ, ಅದಕ್ಯಾಕ ಬಸ್ ಹತ್ತಬೇಕು? ಆದ್ರ ಅವ್ವ... ರಜಾ ಅಂತೂ ಕೇಳಿ ನೋಡ್ತೀನಿ.

೧೬, ಶನಿವಾರ. ಸಂಜಿ

ಬಂದೆ. ಕೆರಿ ಭಾಳ ಚಂದ ಐತಿ. ಸುತ್ತ ಗುಡ್ಡ, ಹಸರು. ಮಂದಿ ದೋಣ್ಯಾಗ ಕುಂತು ಚೀರಾಕತ್ತಾರ. ತಂಗಿ ತಾರಾ ಆರು ತಿಂಗಳ ಬಸರಿ — ಹೊಟ್ಟಿ ಹಿಡಕೊಂಡೇ ಸೆಲ್ಫಿ ಮ್ಯಾಲೆ ಸೆಲ್ಫಿ.

ಅವ್ವ ಯಾಕೋ ಬ್ಯಾರೆನ ಆಗ್ಯಾಳ. ಚಾಕ್ಕ ಎರಡು ಸಲ ಸಕ್ರಿ ಹಾಕಿದ್ಲು. ತಾರಾನ್ನ ನನ್ನ ಹೆಸರಿಂದ ಕರದ್ಲು. ಆಮ್ಯಾಲೆ ನನ್ನ ಮಾರಿ ನೋಡಿ, "ಅಳಿಯಾ ಯಾಕ ಬರಲಿಲ್ಲವಾ? ಡ್ಯೂಟಿ ಏನು?"

ಅಣ್ಣ ಬದಿಗೆ ಕರದ. "ಒಂದು ತಿಂಗಳಾತು ಹಿಂಗ. ಮರವು ಬಂದೈತಿ. ಎದುರಾಡಬ್ಯಾಡ."

ನಮ್ಮ ಅವ್ವಗ? ಓಣಿ ಮಕ್ಕಳೆಲ್ಲಾ ಯಾವಾಗ ಹುಟ್ಟ್ಯಾರ ಅಂತ ತಿಥಿ ಸಹಿತ ಹೇಳಾಕಿಗೆ? ತಲಿ ಕೆಟ್ಟು ಹೋತು.

೧೭, ಐತವಾರ

ಹೊಂಡೋ ಹೊತ್ತಿಗೆ ಕೆರಿ ದಂಡ್ಯಾಗ ಜಮಖಾನ ಹಾಸಿ ಅವ್ವ ಉಡಿ ತುಂಬಾಕ ಕುಂತ್ಲು. ಮನಿ ಹೆಣ್ಣುಮಕ್ಕಳನ್ನ ಬರೇ ಸೆರಗಿಲೆ ಕಳಸಬಾರದಲ್ಲ. ಚಿಕ್ಕಪ್ಪನ ಹೆಂಡ್ತಿ ಸುಂದರಾಬಾಯಿ ಕಾಕುಗ ತುಂಬಿದ್ಲು. ತಾರಾಗ ತುಂಬಿದ್ಲು. ನಾ ದೂರ, ಚಪ್ಪಲಿ ಬಿಟ್ಟಲ್ಲಿ ನಿಂತಿದ್ದೆ. ಗಂಡ ಇಲ್ಲದಾಕಿಗೆ ಎಲ್ಲೀ ಉಡಿ.

"ಸುಮಂಗಲಾ, ಬಾರವಾ. ಸೆರಗು ಹಿಡಿ."

ಕಾಕು, "ಅಕ್ಕಾ, ಆಕಿಗೆ ಹೆಂಗ..." ಅಂದ್ಲು.

"ಯಾಕ? ಆಕಿ ಗಂಡ ಡ್ಯೂಟಿಗೆ ಹೋಗ್ಯಾನ."

ಅಣ್ಣ ಕಾಕುಗ ಕಣ್ಣು ಮಾಡಿದ — ಬಿಡ್ರಿ, ಮರವು.

ಚಪ್ಪಲಿ ಸಾಲು ದಾಟಿ ಹೋದೆ. ಸೆರಗು ಹಿಡದೆ. ಐದು ಹಿಡಿ ಅಕ್ಕಿ, ಟೆಂಗು, ಉತ್ತತ್ತಿ, ಅರಿಷಿಣ ಕೊಂಬು, ಕುಬಸದ ಕಣ. ಹಣಿಗೆ ಕುಂಕುಮ. ಅತ್ತುಬಿಟ್ಟೆ. ಖುಷಿಗೆ ಅತ್ತೆನೋ, ಅವ್ವ ಕೈ ಬಿಟ್ಟು ಹೊಂಟಾಳಂತ ಅತ್ತೆನೋ, ನನಗೇ ಗೊತ್ತಿಲ್ಲ.

೧೮, ಸೋಮವಾರ

ಕುಂಕುಮ ಬಸ್ಸಿನ್ಯಾಗ ಒರಸಿಕೊಂಡೆ. ಯಾಕ ಒರಸಿದೆ ಅಂತ ಮತ್ತ ನನ್ನ ಮ್ಯಾಲೇ ಸಿಟ್ಟು. ಅಕ್ಕಿ ಗಂಟಿನ್ಯಾಗೇ ಐತಿ. ಮಾಡಿ ಉಣ್ಣಬೇಕೋ, ಬ್ಯಾಡೋ? ಮರತು ಕೊಟ್ಟಿದ್ದು ನನ್ನದು ಹೆಂಗ ಆಗ್ತೈತಿ? ಲೈನ್‌ನ್ಯಾಗ ಎರಡು ಸಲ ತಪ್ಪು ಮಾಡಿದೆ. ಸೂಪರ್‌ವೈಸರ್ "ಏಮೈಂದಮ್ಮಾ ನೀಕು?" ಅಂದ, ಏನಾಗೇತಿ ನಿನಗ ಅಂತ. ಏನಂತ ಹೇಳಲಿ ಅವಗ.

೨೪, ಐತವಾರ. ಮಧ್ಯಾಹ್ನ

ನಾಳೆ ಅಣ್ಣ ಅವ್ವನ್ನ ಕಲಬುರಗಿ ಡಾಕ್ಟರ್ ಹತ್ರ ಕರಕೊಂಡು ಹೊಂಟಾನ. ತಲಿ ಸ್ಕ್ಯಾನ್ ಅಂತ. ಹಿತ್ತಲದಾಗ ಕುಂತು ಸಣ್ಣ ಹುಡುಗನಂಗ ಅತ್ತನಂತ, ಅವನ ಹೆಂಡ್ತಿ, ನಮ್ಮ ವೈನಿ, ಹೇಳಿದ್ರು. ತಡಕೊಳ್ಳಾಕ ಆಗಲಿಲ್ಲ. ಅವ್ವಗ ಫೋನ್ ಹಚ್ಚಿದೆ.

"ಅವ್ವಾ, ನಮ್ಮ ಮನಿಯವರು ತೀರಿಕೊಂಡಿದ್ದು ನೆನಪೈತೇನು ನಿನಗ?"

ಬಾಗಲಾ ಹಾಕಿದ ಸಪ್ಪಳಾತು. ಆಮ್ಯಾಲೆ ಸಣ್ಣ ದನಿ. "ಶ್ರಾವಣದ ಎರಡನೇ ಸೋಮವಾರ. ಮೂರು ಹೊಡದು ಹತ್ತು ನಿಮಿಷ. ನೀ ಹಸರು ಸೀರಿ ಉಟ್ಟಿದ್ದಿ."

"ಮತ್ತ ಅವತ್ತು ಕೆರಿ ದಂಡ್ಯಾಗ—"

"ಖೋಡಿ, ನೆಟ್ಟಗಿದ್ದಾಕಿ ತುಂಬಿದ್ರ ನಿಮ್ಮ ಕಾಕು ಕೈ ಹಿಡೀತಿದ್ಲು. ಮರತಾಕಿ ಕೈ ಯಾರು ಹಿಡೀತಾರ? ಒಂದು ತಿಂಗಳು ನಾಟಕ ಮಾಡೀನಿ, ಸಾಕಾಗೇತಿ."

ನಗು ಬಂತು, ಅದರ ಹಿಂದೇ ಅಳು. ಖರೇನೋ? ಸ್ಕ್ಯಾನ್ ತಪ್ಪಿಸಿಕೊಳ್ಳಾಕ ಹೇಳಿದ್ಲೋ? ಅಲ್ಲ, ಹಸರು ಸೀರಿ ನಾನೇ ಮರತಿದ್ದೆ.

"ಅಣ್ಣಗ ಹೇಳಿಬಿಡು ಅವ್ವಾ. ಅಳಾಕತ್ತಾನ ಅಂವ."

"ಹೇಳಬ್ಯಾಡ! ಮುಂದಿನ ತಿಂಗಳು ತಾರಾನ ಸೀಮಂತ, ಕುಬಸದ ಕಾರ್ಯ ಐತಿ. ಮೊದಲ ಆರತಿ ನಿನ್ನ ಕೈಲೆ ಎತ್ತಸೋದೈತಿ. ಅಲ್ಲೀಮಟ ನಾ ಮರತಾಕೀನೇ." ಇಟ್ಟೇಬಿಟ್ಲು.

ಆರತಿ. ನನ್ನ ಕೈಲೆ. ಬೇಕು ನನಗ, ಭಾಳ ಬೇಕು. ಆದ್ರ ಅಣ್ಣ...

ಫೋನ್ ಬಡಕೊಳ್ಳಾಕತ್ತೈತಿ. ಅಂವಂದೇ. ಎರಡನೇ ಸಲ. ಎತ್ತಿ ಏನಂತ ಹೇಳಲಿ ಅಂವಗ?